ಸೈಕ್ಲಮೆನ್, ಆಫ್ರಿಕನ್ ವಯಲೆಟ್, ಆರ್ಕಿಡ್: ಪುಣೆ, ಮುಂಬಯಿ, ಗೋವಾದ ಮನೆಗೆ ಯಾವುದು ಸರಿ?

ಡಿಸೆಂಬರ್ ಹತ್ತಿರ ಬಂತೆಂದರೆ ಪುಣೆಯ ನರ್ಸರಿಗಳಲ್ಲಿ ಸೈಕ್ಲಮೆನ್ ಕಾಣಿಸಿಕೊಳ್ಳುತ್ತದೆ. ಬಿಳಿ, ಗುಲಾಬಿ, ಕಡುಗೆಂಪು. ಹೂ ತಲೆ ತಗ್ಗಿಸಿರುತ್ತದೆ, ಎಸಳುಗಳು ಮಾತ್ರ ಹಿಂದಕ್ಕೆ ಮಡಚಿಕೊಂಡು ಮೇಲೆದ್ದಿರುತ್ತವೆ, ಕೆಳಗೆ ಎಲೆಯ ತುಂಬಾ ಬೆಳ್ಳಿ ಬಣ್ಣದ ಚಿತ್ತಾರ. ನೋಡಿದ ಮೇಲೆ ಬಿಟ್ಟು ಬರುವುದು ಕಷ್ಟ. ಬೆಲೆ ಕೇಳಿ ಸ್ವಲ್ಪ ಹಿಂದೆ ಮುಂದೆ ನೋಡುತ್ತೀರಿ, ಮಾಲಿಯ ಹತ್ತಿರ ಚೌಕಾಸಿ ಮಾಡುತ್ತೀರಿ, ಅವನು "ಕಾಹೀ ನಾಹೀ ತಾಯೀ, ಫಕ್ತ ಪಾಣೀ ಕಮೀ ದ್ಯಾ" ಅನ್ನುತ್ತಾನೆ, ನೀರು ಕಮ್ಮಿ ಹಾಕಿದರೆ ಸಾಕಲ್ಲ ಅಂತ ತಂದೇ ಬಿಡುತ್ತೀರಿ. ಫೆಬ್ರವರಿ ಮುಗಿಯುವ ಹೊತ್ತಿಗೆ ಎಲೆ ಹಳದಿಯಾಗುತ್ತದೆ, ತೊಟ್ಟು ಮೆತ್ತಗಾಗುತ್ತದೆ, ಮಾರ್ಚ್‌ನಲ್ಲಿ ಬರೀ ಮಣ್ಣು ತುಂಬಿದ ಕುಂಡ ಉಳಿಯುತ್ತದೆ.

ಆಗ ಎಲ್ಲರೂ ಹೇಳುವುದು ಒಂದೇ ಮಾತು, ನನ್ನ ಕೈಗುಣ ಸರಿಯಿಲ್ಲ ಅಂತ. ಕೈಗುಣಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ನಿಮ್ಮ ಮನೆಯ ರಾತ್ರಿಗೂ ಆ ಗಿಡಕ್ಕೂ ಹೊಂದಿಕೆಯಾಗಲಿಲ್ಲ, ಅಷ್ಟೇ. ಹೊಂದುವ ಗಿಡ ಬೇರೆ ಇದೆ. ಯಾವುದು ಅನ್ನುವುದು ನೀವು ಪುಣೆಯ ಕೋಥ್ರೂಡಿನಲ್ಲಿದ್ದೀರೋ, ಮುಂಬಯಿ ಕಡೆಯ ಡೊಂಬಿವಲಿಯಲ್ಲಿದ್ದೀರೋ, ಗೋವಾದ ವಾಸ್ಕೋದಲ್ಲಿದ್ದೀರೋ ಅನ್ನುವುದರ ಮೇಲೆ ನಿಂತಿದೆ.

ಮೊದಲು ರಾತ್ರಿ ಎಷ್ಟು ತಣ್ಣಗಿದೆ ನೋಡಿ

ಗಿಡ ಮಾರುವವರು ಬಿಸಿಲು ಎಷ್ಟು, ನೀರು ಎಷ್ಟು ಅಂತ ಹೇಳುತ್ತಾರೆ. ರಾತ್ರಿ ಎಷ್ಟು ತಣ್ಣಗಿರಬೇಕು ಅಂತ ಹೇಳುವವರು ಕಮ್ಮಿ. ಥಂಡಿ ಬಯಸುವ ಹೂಗಿಡಗಳ ಗುಟ್ಟು ಇರುವುದು ಅಲ್ಲೇ. ಹಗಲು ಗಿಡ ಬೆಳಕಿನಿಂದ ಸಕ್ಕರೆ ಮಾಡಿಕೊಳ್ಳುತ್ತದೆ, ರಾತ್ರಿ ಅದನ್ನೇ ಉಸಿರಾಟಕ್ಕೆ ಬಳಸಿಕೊಳ್ಳುತ್ತದೆ. ರಾತ್ರಿ ಬೆಚ್ಚಗಿದ್ದಷ್ಟೂ ಬಳಕೆ ಜಾಸ್ತಿ. ಮನೆಯೊಳಗೆ ಮೊದಲೇ ಬೆಳಕು ಕಮ್ಮಿ, ಸಕ್ಕರೆ ಕಮ್ಮಿ, ಇದ್ದಬದ್ದದ್ದೂ ರಾತ್ರಿಯೇ ಮುಗಿದರೆ ಮೊಗ್ಗಿಗೆ ಏನು ಉಳಿಯುತ್ತದೆ?

ಪುಣೆ ಸಮುದ್ರಮಟ್ಟದಿಂದ ಸುಮಾರು 560 ಮೀಟರ್ ಎತ್ತರದಲ್ಲಿದೆ. ಡಿಸೆಂಬರ್, ಜನವರಿಯಲ್ಲಿ ರಾತ್ರಿ 11-12 ಡಿಗ್ರಿಗೆ ಇಳಿಯುವುದು ಮಾಮೂಲು, ಕೆಲವು ದಿನ ಹತ್ತರ ಕೆಳಗೂ ಹೋಗುತ್ತದೆ. ಹಗಲು ಮಾತ್ರ 29-30. ಅದೇ ಜನವರಿಯಲ್ಲಿ ಮುಂಬಯಿಯ ಸಾಂತಾಕ್ರೂಜ್ ಕಡೆ ರಾತ್ರಿ 17ರ ಆಸುಪಾಸು, ಕೊಲಾಬಾದಲ್ಲಿ ಸಮುದ್ರ ಪಕ್ಕದಲ್ಲೇ ಇರುವುದರಿಂದ ಇನ್ನೆರಡು ಡಿಗ್ರಿ ಜಾಸ್ತಿ. ಪಣಜಿಯಲ್ಲಿ ಸುಮಾರು 20. ಮೇ ತಿಂಗಳಿಗೆ ಬಂದರೆ ಪುಣೆಯ ರಾತ್ರಿ 22-23ರಲ್ಲಿ ನಿಲ್ಲುತ್ತದೆ, ಮುಂಬಯಿ ಮತ್ತು ಗೋವಾ ಎರಡೂ 26-27.

ಇದು ಹೊರಗಿನ ಲೆಕ್ಕ. ಫ್ಲ್ಯಾಟಿನ ಒಳಗಿನ ಕಥೆಯೇ ಬೇರೆ. ಕಿಟಕಿ ಮುಚ್ಚಿದ ಹಾಲ್‌ನಲ್ಲಿ ಹೊರಗಿಗಿಂತ ಆರೇಳು ಡಿಗ್ರಿ ಜಾಸ್ತಿ ಇರುವುದೂ ಉಂಟು. ಮೇಲಿನ ಮಹಡಿಯವರಿಗಂತೂ ಹಗಲೆಲ್ಲ ಕಾದ ಸ್ಲ್ಯಾಬು ಮಧ್ಯರಾತ್ರಿಯವರೆಗೂ ಬಿಸಿ ಬಿಡುತ್ತಲೇ ಇರುತ್ತದೆ. ಅದಕ್ಕೇ ಗಿಡ ಕೊಳ್ಳುವ ಮೊದಲು ಒಂದು ಸಣ್ಣ ಡಿಜಿಟಲ್ ಥರ್ಮಾಮೀಟರ್ ಕೊಳ್ಳಿ. ಅತಿ ಕಮ್ಮಿ, ಅತಿ ಜಾಸ್ತಿ ಎರಡನ್ನೂ ನೆನಪಿಟ್ಟುಕೊಳ್ಳುವಂಥದ್ದು ಸಿಗುತ್ತದೆ. ಗಿಡ ಎಲ್ಲಿಡಬೇಕು ಅಂತಿದ್ದೀರೋ ಅದೇ ಜಾಗದಲ್ಲಿ ಒಂದು ವಾರ ಇಡಿ. ಅದೇ ಮನೆಯಲ್ಲಿ ಟಿವಿ ಪಕ್ಕದ ಮೂಲೆಗೂ ಕಿಟಕಿಯ ಗ್ರಿಲ್ಲಿಗೂ ಎಷ್ಟು ವ್ಯತ್ಯಾಸ ಅಂತ ನೋಡಿದರೆ ಆಶ್ಚರ್ಯವಾಗುತ್ತದೆ.

"ಎಸಿ ಇದೆಯಲ್ಲ?" ಅಂತ ಕೇಳುವವರಿಗೆ: ಎಸಿ 24ಕ್ಕೆ ಇಟ್ಟರೆ ನಿಮಗೆ ತಂಪು, ಸೈಕ್ಲಮೆನ್‌ಗೆ ಅದು ಸೆಕೆ. 16ಕ್ಕೆ ಇಳಿಸಿ ರಾತ್ರಿಯಿಡೀ ಓಡಿಸಿದರೆ ಗಿಡದ ಬೆಲೆಗಿಂತ ಕರೆಂಟ್ ಬಿಲ್ಲೇ ಜಾಸ್ತಿ ಬರುತ್ತದೆ. ಆದರೆ ಅದೇ 24 ಡಿಗ್ರಿ ಆಫ್ರಿಕನ್ ವಯಲೆಟ್‌ಗೆ ಹೇಳಿ ಮಾಡಿಸಿದ ಹಾಗಿರುತ್ತದೆ. ಇದನ್ನು ಸ್ವಲ್ಪ ಮನಸ್ಸಿನಲ್ಲಿಟ್ಟುಕೊಳ್ಳಿ, ಮುಂದೆ ಬರುತ್ತದೆ.

ಸೈಕ್ಲಮೆನ್: ಚೆಂದದಲ್ಲಿ ಮೊದಲು, ಹಟದಲ್ಲೂ ಮೊದಲು

ಅಂಗಡಿಯಲ್ಲಿ ಸಿಗುವ ಸೈಕ್ಲಮೆನ್‌ಗಳ ಮೂಲ ಮೆಡಿಟರೇನಿಯನ್ ಸಮುದ್ರದ ಪೂರ್ವದ ಕಡೆ. ಟರ್ಕಿ, ಸಿರಿಯಾ, ಲೆಬನಾನ್, ಸೈಪ್ರಸ್, ಆ ಭಾಗ. ಅಲ್ಲಿ ಮಳೆ ಬರುವುದು ಚಳಿಗಾಲದಲ್ಲಿ, ಬೇಸಿಗೆ ಒಣಗಿ ಬಿರುಕು ಬಿಡುವಷ್ಟು ಒಣ. ಹಾಗಾಗಿ ಈ ಗಿಡ ಚಳಿಯಲ್ಲಿ ಚಿಗುರಿ ಹೂ ಬಿಡುತ್ತದೆ, ಬೇಸಿಗೆಯಲ್ಲಿ ಎಲೆಯೆಲ್ಲ ಉದುರಿಸಿ ಗೆಡ್ಡೆಯಾಗಿ ಮಲಗುತ್ತದೆ. ಮಾರ್ಚ್‌ನಲ್ಲಿ ನಿಮ್ಮ ಮನೆಯಲ್ಲಿ "ಸತ್ತ" ಸೈಕ್ಲಮೆನ್ ಎಷ್ಟೋ ಸಲ ಸತ್ತಿರುವುದೇ ಇಲ್ಲ, ಮಲಗಿರುತ್ತದೆ. ನಾವು ಪಾಪ ಒಣಗುತ್ತಿದೆ ಅಂತ ಇನ್ನೆರಡು ಲೋಟ ನೀರು ಹಾಕುತ್ತೇವೆ. ಆಗ ಗೆಡ್ಡೆ ಕೊಳೆಯುತ್ತದೆ.

ನಮ್ಮ ಕಡೆಯ ನಿಜವಾದ ತೊಂದರೆ ಬೇಸಿಗೆಯಲ್ಲ, ಮಳೆಗಾಲ. ಅದರ ಊರಿನಲ್ಲಿ ಅದು ಮಲಗುವ ತಿಂಗಳುಗಳು ಒಣ. ಇಲ್ಲಿ ಅದು ಮಲಗಿರುವಾಗಲೇ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುತ್ತದೆ. ಹೊರಗಿಡದಿದ್ದರೂ ಗಾಳಿಯಲ್ಲೇ ತೇವ. ಮುಂಬಯಿಯ ಮಳೆಗಾಲದಲ್ಲಿ ಕಪಾಟಿನೊಳಗಿನ ಚಪ್ಪಲಿಗೇ ಬೂಷ್ಟು ಬರುತ್ತದೆ, ಇನ್ನು ಒಂದು ಗೆಡ್ಡೆಯ ಗತಿ ಏನು? ಪುಣೆಯಲ್ಲಿ ಮಾತ್ರ ಒಂದು ಕೈ ನೋಡಬಹುದು. ಎಲೆ ತಾನಾಗಿ ಹಳದಿಯಾಗತೊಡಗಿದಾಗ ನೀರು ಕಮ್ಮಿ ಮಾಡುತ್ತಾ ಬಂದು ಪೂರ್ತಿ ನಿಲ್ಲಿಸಿ, ಕುಂಡವನ್ನು ಮಳೆ ಎರಚಲು ತಾಗದ, ಗಾಳಿ ಆಡುವ ನೆರಳಿನ ಮೂಲೆಯಲ್ಲಿ ಮರೆತುಬಿಡಿ. ಪ್ಲಾಸ್ಟಿಕ್ ಕುಂಡಕ್ಕಿಂತ ಮಣ್ಣಿನದು ಒಳ್ಳೆಯದು. ತಿಂಗಳಿಗೊಮ್ಮೆ ಬೆರಳಲ್ಲಿ ಗೆಡ್ಡೆ ಒತ್ತಿ ನೋಡಿ. ಗಟ್ಟಿಯಿದ್ದರೆ ಇದೆ, ಮೆತ್ತಗಿದ್ದರೆ ಹೋಯಿತು. ಅಕ್ಟೋಬರ್ ಕೊನೆಗೆ ರಾತ್ರಿ ಸ್ವಲ್ಪ ತಂಪಾದಾಗ ಮಣ್ಣು ಬದಲಿಸಿ, ಗೆಡ್ಡೆಯ ಮೇಲರ್ಧ ಮಣ್ಣಿನ ಮೇಲೆ ಕಾಣುವ ಹಾಗೆ ಇಟ್ಟು, ಅಂಚಿನಿಂದ ಒಂದಿಷ್ಟು ನೀರು ಕೊಡಿ. ಚಿಗುರಿದರೂ ಎರಡನೇ ವರ್ಷದ ಹೂ ನರ್ಸರಿಯ ಹೂವಿನಷ್ಟು ತುಂಬಿ ಬರುವುದಿಲ್ಲ, ಅದನ್ನೂ ಮೊದಲೇ ಹೇಳಿಬಿಡುತ್ತೇನೆ.

ನನ್ನ ಸಲಹೆ ಕೇಳಿದರೆ ಪುಣೆಯವರು ಇದನ್ನು ಮೂರು ತಿಂಗಳ ಹೂ ಅಂತಲೇ ತನ್ನಿ. ಅದರಲ್ಲಿ ತಪ್ಪೇನಿದೆ? ಒಂದು ಹೂಗುಚ್ಛ ತಂದರೆ ವಾರ ಬರುವುದಿಲ್ಲ. ಇದು ನವೆಂಬರ್ ಕೊನೆಯಿಂದ ಫೆಬ್ರವರಿವರೆಗೆ ಒಂದೇ ಸಮನೆ ಹೂ ಕೊಡುತ್ತದೆ, ಸರಿಯಾಗಿ ನೋಡಿಕೊಂಡರೆ.

ಸರಿಯಾಗಿ ಅಂದರೆ ಹೀಗೆ. ಇದಕ್ಕೆ ಹಗಲು 20ರ ಒಳಗೆ, ರಾತ್ರಿ 10-13 ಇದ್ದರೆ ಸ್ವರ್ಗ. ಹಗಲಿನದ್ದು ನಮ್ಮಲ್ಲಿ ಆಗದ ಮಾತು, ರಾತ್ರಿಯದ್ದನ್ನಾದರೂ ಕೊಡಿ. ಹಗಲು ಒಳಗೆ, ಉತ್ತರ ಅಥವಾ ಪೂರ್ವದ ಕಿಟಕಿಯ ಹತ್ತಿರ. ರಾತ್ರಿ ಊಟವಾದ ಮೇಲೆ ಬಾಲ್ಕನಿಗೆ ಅಥವಾ ಗ್ರಿಲ್ಲಿಗೆ. ಬೆಳಿಗ್ಗೆ ಬಿಸಿಲು ತಾಗುವ ಮೊದಲು ಮತ್ತೆ ಒಳಗೆ. ಬೇಜಾರಿನ ಕೆಲಸವೇ ಹೌದು, ಆದರೆ ಹೀಗೆ ಮಾಡಿದ ಗಿಡಕ್ಕೂ ಹಾಲ್‌ನ ಟೀಪಾಯಿ ಮೇಲೇ ಕೂತ ಗಿಡಕ್ಕೂ ಜನವರಿಯಲ್ಲಿ ಹೋಲಿಕೆಯೇ ಇರುವುದಿಲ್ಲ.

ನೀರು ಯಾವತ್ತೂ ನಡುವೆ ಸುರಿಯಬೇಡಿ. ತಟ್ಟೆಯಲ್ಲಿ ನೀರಿಟ್ಟು ಅದರಲ್ಲಿ ಕುಂಡ ಕೂರಿಸಿ, ಅರ್ಧ ಗಂಟೆ ಕುಡಿಯಲಿ, ಉಳಿದ ನೀರು ಚೆಲ್ಲಿ. ಮತ್ತೆ ಕೊಡುವುದು ಕುಂಡ ಎತ್ತಿದಾಗ ಹಗುರ ಅನ್ನಿಸಿದಾಗ. ಬಾಡಿದ ಹೂವನ್ನು ಕತ್ತರಿಯಲ್ಲಿ ಕತ್ತರಿಸಬೇಡಿ. ತೊಟ್ಟನ್ನು ಬುಡದವರೆಗೂ ಹಿಡಿದು, ಸ್ವಲ್ಪ ತಿರುಚಿ, ಪಟಕ್ಕನೆ ಎಳೆಯಿರಿ. ಗೆಡ್ಡೆಯಿಂದಲೇ ಬಿಟ್ಟುಕೊಂಡು ಬರುತ್ತದೆ, ತುದಿಯಲ್ಲಿ ಬಿಳಿಚಿಕೊಂಡ ಒಂದು ಅಂಚು ಕಾಣುತ್ತದೆ. ಅರ್ಧ ತೊಟ್ಟು ಉಳಿಸಿದರೆ ಅದು ಅಲ್ಲೇ ಕೊಳೆತು, ಬೂದುಬಣ್ಣದ ಬೂಷ್ಟು ಹಿಡಿದು, ಪಕ್ಕದ ಮೊಗ್ಗುಗಳಿಗೂ ಹಬ್ಬುತ್ತದೆ. ಹಳದಿ ಎಲೆಗೂ ಇದೇ ಕ್ರಮ.

ಇನ್ನೊಂದು, ಇದನ್ನು ಹೇಳುವವರು ಕಮ್ಮಿ. ಬಾಳೆಹಣ್ಣು, ಸೇಬು, ಚಿಕ್ಕು ಇಟ್ಟ ಬುಟ್ಟಿಯ ಪಕ್ಕ ಸೈಕ್ಲಮೆನ್ ಇಡಬೇಡಿ. ಹಣ್ಣಾಗುವಾಗ ಬಿಡುವ ಎಥಿಲೀನ್ ಅನಿಲ ತಾಗಿದರೆ ಹೂ ಬೇಗ ಬಾಡಿ ಬೀಳುತ್ತದೆ. ಊಟದ ಮೇಜಿನ ಮೇಲೆ ಚೆಂದ ಕಾಣುತ್ತದೆ ಅಂತ ಎಲ್ಲರೂ ಇಡುವುದು ಅಲ್ಲೇ, ಅಲ್ವಾ?

ಮುಂಬಯಿಯವರು ಆಸೆ ಪಟ್ಟರೆ ಜನವರಿ ಒಂದು ತಿಂಗಳಿಗೆ, ಅದೂ ಚಿಕ್ಕ ಹೂವಿನ ಮಿನಿ ಜಾತಿ ತನ್ನಿ, ದೊಡ್ಡ ಹೂವಿನದಕ್ಕಿಂತ ಸ್ವಲ್ಪ ತಡೆದುಕೊಳ್ಳುತ್ತದೆ. ಗೋವಾದವರು ದಯವಿಟ್ಟು ತರಬೇಡಿ.

ಆಫ್ರಿಕನ್ ವಯಲೆಟ್: ನಮ್ಮ ಮನೆಗಳಿಗೆ ಹತ್ತಿರದ ಗಿಡ

ವರ್ಷಪೂರ್ತಿ ಮನೆಯೊಳಗೇ ಇರಬೇಕು, ಹೂವೂ ಬಿಡಬೇಕು, ಕಿಟಕಿಯ ದಂಡೆ ಒಂದು ಅಡಿ ಅಗಲ ಅಂದರೆ ನನ್ನ ಮತ ಇದಕ್ಕೇ. ಟಾಂಜಾನಿಯಾದ ಉಸಾಂಬರಾ ಬೆಟ್ಟಗಳು, ಅದರ ಪಕ್ಕದ ಕೀನ್ಯಾ, ಅಲ್ಲಿಯ ನೆರಳು ಕಾಡಿನಲ್ಲಿ ಪಾಚಿ ಹಿಡಿದ ಬಂಡೆಗಳ ಮೇಲೆ ಬೆಳೆಯುವ ಗಿಡ ಇದು. 1892ರ ಹೊತ್ತಿಗೆ ಅಲ್ಲಿದ್ದ ವಾಲ್ಟರ್ ಫಾನ್ ಸೇಂಟ್ ಪಾಲ್ ಎಂಬ ಜರ್ಮನ್ ಅಧಿಕಾರಿ ಇದನ್ನು ತನ್ನ ತಂದೆಗೆ ಕಳಿಸಿದ, ಅಲ್ಲಿಂದ ಯುರೋಪಿನ ಕಿಟಕಿಗಳಿಗೆ ಹೋಯಿತು. ಬಂಡೆಯ ಸಂದಿಯ ಗಿಡ ಅನ್ನುವುದನ್ನು ನೆನಪಿಟ್ಟುಕೊಂಡರೆ ಅರ್ಧ ಕೆಲಸ ಮುಗಿಯಿತು. ಬೇರಿಗೆ ಜಾಗ ಕಮ್ಮಿ ಸಾಕು, ತೇವ ಇರಬೇಕು ಆದರೆ ನೀರು ನಿಲ್ಲಬಾರದು, ಬೆಳಕು ಬೇಕು ಆದರೆ ಬಿಸಿಲು ಬೇಡ.

18ರಿಂದ 25 ಡಿಗ್ರಿ ಇದಕ್ಕೆ ಇಷ್ಟ. ಪುಣೆಯಲ್ಲಿ ಮಾರ್ಚ್‌ನಿಂದ ಮೇವರೆಗಿನ ಸೆಕೆ ಬಿಟ್ಟರೆ ಉಳಿದ ತಿಂಗಳು ಮನೆಯೊಳಗೆ ಹೆಚ್ಚುಕಮ್ಮಿ ಅದರ ಆಸುಪಾಸಿನಲ್ಲೇ ಇರುತ್ತದೆ. ಮಳೆಗಾಲದಲ್ಲಂತೂ ಹೊರಗೆ ಹಗಲು 27-28ರಲ್ಲೇ ನಿಂತು ಗಾಳಿಯಲ್ಲಿ ತೇವವೂ ಇರುವುದರಿಂದ ಗಿಡ ತಾನಾಗೇ ಕಳೆಗಟ್ಟುತ್ತದೆ. ಮುಂಬಯಿಯಲ್ಲಿ ಮಾರ್ಚ್‌ನಿಂದ ಮಳೆ ಬೀಳುವವರೆಗೆ, ಮತ್ತೆ ಅಕ್ಟೋಬರ್ ಸೆಕೆಯಲ್ಲಿ ಕಷ್ಟ. 30 ದಾಟಿ ಹಾಗೇ ನಿಂತರೆ ಎಲೆ ಜೋತು ಬೀಳುತ್ತದೆ, ಮೊಗ್ಗು ಅರಳುವ ಮೊದಲೇ ಕಂದಾಗುತ್ತದೆ. ಬಿಳಿ ಅಂಚಿನ ಎಲೆಯ ಜಾತಿಗಳು ಸೆಕೆಯಲ್ಲಿ ಬಿಳಿ ಕಳೆದುಕೊಂಡು ಹಸಿರಾಗಿಬಿಡುತ್ತವೆ. ಅದು ರೋಗವಲ್ಲ, ತಂಪಾದಾಗ ಹೊಸ ಎಲೆಯಲ್ಲಿ ಬಿಳಿ ಮತ್ತೆ ಬರುತ್ತದೆ.

ಇಲ್ಲಿ ಎಸಿ ವಿಷಯ. ರಾತ್ರಿ ನೀವು ಮಲಗುವ ಕೋಣೆಯಲ್ಲಿ 24-26ಕ್ಕೆ ಎಸಿ ಹಾಕುತ್ತೀರಾದರೆ, ಮೇ ತಿಂಗಳಿಡೀ ವಯಲೆಟ್ ಅಲ್ಲೇ ಇರಲಿ. ಎಸಿಯ ಗಾಳಿ ನೇರವಾಗಿ ಬಡಿಯಬಾರದು, ಅಷ್ಟೇ. ಬೇರೆ ಖರ್ಚಿಲ್ಲ, ಹೇಗಿದ್ದರೂ ಓಡುವ ಎಸಿ. ಆ ಕೋಣೆಯಲ್ಲಿ ಬೆಳಕು ಸಾಲದಿದ್ದರೆ ಸಾಧಾರಣ ಬಿಳಿ ಎಲ್‌ಇಡಿ ಟ್ಯೂಬು ಗಿಡದ ಒಂದಡಿ ಮೇಲೆ, ದಿನಕ್ಕೆ 12 ಗಂಟೆ. ನೇರಳೆ ಬಣ್ಣದ ದುಬಾರಿ ಗ್ರೋ ಲೈಟ್ ಬೇಕಾಗಿಲ್ಲ. ರಾತ್ರಿ ಮಾತ್ರ ಆರಿಸಲೇಬೇಕು, ಎಂಟು ಗಂಟೆಯಾದರೂ ಕತ್ತಲೆ ಇಲ್ಲದಿದ್ದರೆ ಹೂ ಬಿಡುವುದಿಲ್ಲ. ಬೆಳಕು ಸರಿಯಿದೆಯೋ ಇಲ್ಲವೋ ಅನ್ನುವುದನ್ನು ಎಲೆಯೇ ಹೇಳುತ್ತದೆ. ತೊಟ್ಟು ಉದ್ದವಾಗಿ ಎಲೆಗಳು ಮೇಲಕ್ಕೆ ಚಾಚಿಕೊಂಡರೆ ಬೆಳಕು ಕಮ್ಮಿ. ನಡುವಿನ ಎಲೆ ಒಂದಕ್ಕೊಂದು ಒತ್ತಿಕೊಂಡು, ಬಣ್ಣ ಬಿಳಿಚಿಕೊಂಡರೆ ಜಾಸ್ತಿ.

ಕುಂಡದ ಅಳತೆಯಲ್ಲಿ ನಮ್ಮವರು ಧಾರಾಳಿಗಳು. ದೊಡ್ಡ ಕುಂಡ ಕೊಟ್ಟರೆ ದೊಡ್ಡ ಗಿಡ ಆಗುತ್ತದೆ ಅಂದುಕೊಳ್ಳುತ್ತಾರೆ. ವಯಲೆಟ್‌ಗೆ ಹಾಗಲ್ಲ. ಎಲೆಗಳ ಹರವು ಎಷ್ಟಿದೆಯೋ ಅದರ ಮೂರನೇ ಒಂದು ಭಾಗ ಅಗಲದ ಕುಂಡ ಸಾಕು. ಮೂರು ಇಂಚು, ಹೆಚ್ಚೆಂದರೆ ನಾಲ್ಕು. ಒಳಗೆ ತೋಟದ ಕೆಂಪು ಮಣ್ಣು ಬೇಡವೇ ಬೇಡ. ತೊಳೆದ ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಅರ್ಧ, ಪರ್ಲೈಟ್ (ಹಗುರವಾದ ಬಿಳಿ ಕಲ್ಲಿನ ಕಾಳು) ಅರ್ಧ, ಒಂದು ಹಿಡಿ ವರ್ಮಿಕಾಂಪೋಸ್ಟ್ (ಎರೆಗೊಬ್ಬರ).

ನೀರಿಗೆ ಬತ್ತಿಯ ಪದ್ಧತಿ ಎಲ್ಲಕ್ಕಿಂತ ಸುಲಭ. ಹತ್ತಿಯ ಬತ್ತಿ ಹಾಕಬೇಡಿ, ಕೊಳೆಯುತ್ತದೆ. ಸ್ವೆಟರ್ ಹೆಣೆಯುವ ಅಕ್ರಿಲಿಕ್ ನೂಲು ಒಂದು ಎಳೆ ತೆಗೆದುಕೊಂಡು ಕುಂಡದ ತೂತಿನಿಂದ ಒಳಗೆ ಸೇರಿಸಿ ಮಣ್ಣಿನಲ್ಲಿ ಸುತ್ತಿಡಿ, ಇನ್ನೊಂದು ತುದಿ ಕೆಳಗಿನ ಡಬ್ಬಿಯ ನೀರಿಗೆ ಇಳಿಬಿಡಿ. ಕುಂಡದ ತಳ ನೀರಿಗೆ ತಾಗಬಾರದು, ನೂಲು ಮಾತ್ರ ತಾಗಬೇಕು. ಶ್ರೀಖಂಡದ ಖಾಲಿ ಡಬ್ಬಿಗೆ ಮುಚ್ಚಳದಲ್ಲಿ ತೂತು ಮಾಡಿದರೆ ಸರಿಯಾಗಿ ಕೂರುತ್ತದೆ. ಎಲೆಯ ಮೇಲೆ ನೀರು ಬೀಳದ ಕಾರಣ ಕಲೆಯ ಚಿಂತೆಯೂ ಇಲ್ಲ. ಎಲೆಗಿಂತ ತಣ್ಣಗಿನ ನೀರು ಈ ರೋಮದ ಎಲೆಗೆ ಬಿದ್ದರೆ ಬಿಳಿ-ಹಳದಿ ಉಂಗುರದ ಕಲೆ ಉಳಿದುಬಿಡುತ್ತದೆ, ಹೋಗುವುದಿಲ್ಲ. ಧೂಳಿದ್ದರೆ ಮೆತ್ತಗಿನ ಬ್ರಷ್ಷಿನಿಂದ ಗುಡಿಸಿ.

ಮೇ ತಿಂಗಳ ಸೆಕೆಯಲ್ಲಿ ಮಾತ್ರ ಎಸಿ ಇಲ್ಲದ ಮನೆಯವರು ಬತ್ತಿ ತೆಗೆದುಬಿಡಿ. ಬಿಸಿಯೂ ತೇವವೂ ಒಟ್ಟಿಗೆ ಸೇರಿದರೆ ಬುಡ ಕೊಳೆಯುತ್ತದೆ. ಇನ್ನು ಟ್ಯಾಂಕರ್ ಅಥವಾ ಬೋರ್‌ವೆಲ್ ನೀರಿನ ಸೊಸೈಟಿಯಾದರೆ ಕುಂಡದ ಅಂಚಿನಲ್ಲಿ ಬಿಳಿ ಉಪ್ಪು ಕಟ್ಟುತ್ತದೆ, ಅದಕ್ಕೆ ತಾಗಿದ ಎಲೆತೊಟ್ಟು ಸುಟ್ಟ ಹಾಗಾಗುತ್ತದೆ. ತಿಂಗಳಿಗೊಮ್ಮೆ ಮೇಲಿನಿಂದ ಒಳ್ಳೆಯ ನೀರು ಧಾರಾಳವಾಗಿ ಹರಿಸಿ ತೊಳೆಯಿರಿ. ಮಳೆನೀರು ಹಿಡಿದಿಟ್ಟರೆ ಇನ್ನೂ ಒಳ್ಳೆಯದು, ಜುಲೈನಲ್ಲಿ ಅದಕ್ಕೇನು ಬರ?

ಇದರ ಇನ್ನೊಂದು ಲಾಭ ಹೇಳದೇ ಇರಲಾರೆ. ಒಂದು ಎಲೆಯಿಂದ ಹೊಸ ಗಿಡ ಬರುತ್ತದೆ. ತೊಟ್ಟು ಒಂದೂವರೆ ಇಂಚು ಉಳಿಸಿ ಓರೆಯಾಗಿ ಕತ್ತರಿಸಿ, ಒದ್ದೆ ಪರ್ಲೈಟ್‌ನಲ್ಲಿ ಊರಿ, ಮೇಲೊಂದು ಪ್ಲಾಸ್ಟಿಕ್ ಕವರ್ ಮುಚ್ಚಿ. ಎರಡು ಮೂರು ತಿಂಗಳಲ್ಲಿ ಬುಡದಲ್ಲಿ ಇಲಿಕಿವಿಯಷ್ಟು ಪುಟ್ಟ ಎಲೆಗಳು ಮೇಲೆ ಬರುತ್ತವೆ. ಬೇಸಿಗೆಯಲ್ಲಿ ಗಿಡ ಹೋದರೂ ವಂಶ ಉಳಿಯಲಿ ಅಂತ ಫೆಬ್ರವರಿಯಲ್ಲೇ ಎರಡು ಎಲೆ ಊರಿಡುವುದು ಜಾಣತನ. ಸೈಕ್ಲಮೆನ್‌ನಲ್ಲಿ ಈ ಆಟ ನಡೆಯುವುದಿಲ್ಲ. ಅದು ಬೀಜದಿಂದಲೇ ಬರಬೇಕು, ಹೂ ಬಿಡಲು ವರ್ಷಕ್ಕಿಂತ ಹೆಚ್ಚು ಹಿಡಿಯುತ್ತದೆ.

ಫೆಲನಾಪ್ಸಿಸ್ ಆರ್ಕಿಡ್: ಮುಂಬಯಿ, ಗೋವಾದವರಿಗೆ

ಆರ್ಕಿಡ್ ಅಂದರೆ ಹೆದರುವವರೇ ಜಾಸ್ತಿ. ನಿಜ ಹೇಳಬೇಕೆಂದರೆ ಸಮುದ್ರದ ಬದಿಯ ಊರಿನಲ್ಲಿ ಸೈಕ್ಲಮೆನ್‌ಗಿಂತ ಇದೇ ಸಲೀಸು. ಆಗ್ನೇಯ ಏಷ್ಯಾದ ಮಳೆಕಾಡಿನ ಗಿಡ, ಮರಕ್ಕೆ ಅಂಟಿಕೊಂಡು ಬೆಳೆಯುವಂಥದ್ದು. ಸೆಕೆ, ತೇವ ಎರಡೂ ಅದಕ್ಕೆ ಹೊಸದಲ್ಲ. ಬೆಲೆ ಜಾಸ್ತಿ ಅನ್ನಿಸಬಹುದು, ಆದರೆ ಒಂದು ಸಲ ಅರಳಿದ ಗೊಂಚಲು ಎರಡು ಮೂರು ತಿಂಗಳು ಹಾಗೇ ನಿಲ್ಲುತ್ತದೆ.

ಎಲ್ಲರ ದೂರು ಏನೆಂದರೆ ಮೊದಲ ಹೂ ಉದುರಿದ ಮೇಲೆ ಬರೀ ಎಲೆ, ಮತ್ತೆ ಹೂವಿಲ್ಲ. ಇಲ್ಲೂ ಉತ್ತರ ರಾತ್ರಿಯಲ್ಲೇ ಇದೆ. 28 ಡಿಗ್ರಿ ಮೇಲೇ ಇದ್ದರೆ ಈ ಗಿಡ ಎಲೆ ಬಿಡುತ್ತಾ ಕೂರುತ್ತದೆ, ಹೂದಂಡು ಹೊರಡಿಸುವುದಿಲ್ಲ. ವ್ಯಾಪಾರಕ್ಕೆ ಬೆಳೆಯುವವರು ಇದನ್ನೇ ಬಳಸಿಕೊಂಡು, ಬೇಕಾದಾಗ ಬಿಸಿಯಲ್ಲಿಟ್ಟು ಗಿಡ ದೊಡ್ಡದು ಮಾಡಿ, ಬೇಕಾದಾಗ 20ರ ಆಸುಪಾಸಿಗೆ ಇಳಿಸಿ ಹೂ ಬಿಡಿಸುತ್ತಾರೆ. ಮುಂಬಯಿಯ ಡಿಸೆಂಬರ್ ರಾತ್ರಿ ಆ ಕೆಲಸವನ್ನು ಪುಕ್ಕಟೆ ಮಾಡಿಕೊಡುತ್ತದೆ. ಡಿಸೆಂಬರ್ ಮೊದಲ ವಾರದಿಂದ ಒಂದು ತಿಂಗಳು ಗಿಡವನ್ನು ಗ್ರಿಲ್ಲಿನಲ್ಲಿ ನೆರಳಿರುವ ಕಡೆ ಇಡಿ, ರಾತ್ರಿ ಒಳಗೆ ತರಬೇಡಿ. ಎಲೆಯ ಬುಡದಲ್ಲಿ ಕೈಗವಸಿನ ಬೆರಳಿನ ಹಾಗೆ ಒಂದು ತುದಿ ಇಣುಕುತ್ತದೆ. ಬೇರಿನ ತುದಿ ದುಂಡಗೆ, ಹೂದಂಡಿನ ತುದಿ ಸ್ವಲ್ಪ ಚಪ್ಪಟೆ. ಹೂದಂಡು ಅಂತ ಖಾತ್ರಿಯಾದ ಮೇಲೆ ಒಳಗೆ ತನ್ನಿ, ದಿಕ್ಕು ಬದಲಿಸಬೇಡಿ.

ನೀರು ಹಾಕುವುದಕ್ಕೆ ಬೇರು ನೋಡಿದರೆ ಸಾಕು. ಅದಕ್ಕೇ ಪಾರದರ್ಶಕ ಪ್ಲಾಸ್ಟಿಕ್ ಕುಂಡದಲ್ಲಿ ಕೊಡುತ್ತಾರೆ, ಅದನ್ನು ತೆಗೆದು ಚೆಂದದ ಪಿಂಗಾಣಿಗೆ ಹಾಕಬೇಡಿ. ಬೇರು ಬೆಳ್ಳಿಬೂದು ಬಣ್ಣಕ್ಕೆ ತಿರುಗಿದರೆ ಬಾಯಾರಿದೆ. ನೀರು ತಾಗಿದ ಒಂದೆರಡು ನಿಮಿಷದಲ್ಲಿ ನಿಮ್ಮ ಕಣ್ಣೆದುರೇ ಹಸಿರಾಗುತ್ತದೆ. ಇನ್ನೂ ಹಸಿರಿದ್ದರೆ ಮುಟ್ಟಬೇಡಿ. ಒಳಗೆ ಮರದ ತೊಗಟೆ ಮತ್ತು ಇದ್ದಿಲು, ಮಣ್ಣು ಹನಿಯಷ್ಟೂ ಬೇಡ. ಎಲೆಗಳ ನಡುವಿನ ಕುಳಿಯಲ್ಲಿ ನೀರು ನಿಂತರೆ ನೆತ್ತಿ ಕೊಳೆತು ಗಿಡವೇ ಹೋಗುತ್ತದೆ. ನಿಂತಿದ್ದರೆ ಟಿಶ್ಯೂ ಪೇಪರಿನ ಮೂಲೆಯಿಂದ ಹೀರಿಸಿ. ಕಾಡಿನಲ್ಲಿ ಈ ಗಿಡ ಓರೆಯಾಗಿ ಜೋತಿರುವುದರಿಂದ ನೀರು ತಾನೇ ಇಳಿದುಹೋಗುತ್ತದೆ, ನಾವು ನೆಟ್ಟಗೆ ನಿಲ್ಲಿಸಿ ತೊಂದರೆ ತಂದುಕೊಂಡಿದ್ದೇವೆ.

ಗೋವಾದ ಹಳೆ ಮನೆಗಳ ಬಲ್ಕಾಂವ್ ಇದೆಯಲ್ಲ, ಬಾಗಿಲ ಮುಂದೆ ಕೂರುವ ಜಗಲಿ, ಇದಕ್ಕೆ ಅದಕ್ಕಿಂತ ಒಳ್ಳೆ ಜಾಗ ಇಲ್ಲ. ಮಳೆಗಾಲದಲ್ಲಿ ಎರಚಲು ತಾಗದ ಹಾಗೆ ಸ್ವಲ್ಪ ಒಳಗೆ ಇಡಿ.

ಉಳಿದವು

ಅಜೇಲಿಯಾ: ಡಾರ್ಜಿಲಿಂಗ್, ಊಟಿಯಲ್ಲಿ ನೋಡಿ ಬಂದವರಿಗೆ ಆಸೆ ಆಗುವುದು ಸಹಜ. ಥಂಡಿಯ ಜೊತೆಗೆ ಹುಳಿ ಮಣ್ಣೂ ಬೇಕು, ಹುಳಿ ಅಳೆಯುವ ಪಿಎಚ್ ಲೆಕ್ಕದಲ್ಲಿ 4.5ರಿಂದ 5.5. ಬೋರ್‌ವೆಲ್ ನೀರು ಹಾಕಿದರೆ ಎಲೆ ಹಳದಿ, ನರ ಮಾತ್ರ ಹಸಿರು. ಬಿಡಿ.

ಗ್ಲಾಕ್ಸಿನಿಯಾ: ವಯಲೆಟ್‌ನ ನೆಂಟ, ಬ್ರೆಜಿಲ್‌ನ ಗೆಡ್ಡೆ ಗಿಡ, ಗಂಟೆಯಂಥ ದೊಡ್ಡ ಹೂ. ಇದರ ಕ್ಯಾಲೆಂಡರ್ ಸೈಕ್ಲಮೆನ್‌ಗೆ ಪೂರ್ತಿ ಉಲ್ಟಾ. ಚಳಿಯಲ್ಲಿ ಮಲಗುತ್ತದೆ, ಮಳೆಗಾಲದಲ್ಲಿ ಅರಳುತ್ತದೆ. ನಮ್ಮ ಹವೆಗೆ ಇಷ್ಟು ಚೆನ್ನಾಗಿ ಹೊಂದುವ ಗಿಡವನ್ನು ಜನ ಯಾಕೆ ಹೆಚ್ಚು ಕೇಳುವುದಿಲ್ಲವೋ ಗೊತ್ತಿಲ್ಲ. ಫೆಬ್ರವರಿ, ಮಾರ್ಚ್‌ನಲ್ಲಿ ಗೆಡ್ಡೆ ನೆಡಿ. ಪುಣೆಯವರು ಒಂದೇ ಕಿಟಕಿಯಲ್ಲಿ ಮಳೆಗಾಲಕ್ಕೆ ಇದು, ಚಳಿಗಾಲಕ್ಕೆ ಸೈಕ್ಲಮೆನ್ ಅಂತ ಹಂಚಿಕೊಂಡರೆ ವರ್ಷದ ಆರೇಳು ತಿಂಗಳು ಹೂ ಇರುತ್ತದೆ.

ಕಲಾಂಚೋ: ನಾಜೂಕು ಗಿಡದ ಗೋಜೇ ಬೇಡ, ಡಿಸೆಂಬರ್‌ನಿಂದ ಒಂದಿಷ್ಟು ಬಣ್ಣ ಬೇಕು ಅನ್ನುವವರಿಗೆ. ಮೂರೂ ಊರಿಗೆ ನಡೆಯುತ್ತದೆ. ಇದಕ್ಕೆ ಥಂಡಿಗಿಂತ ಉದ್ದದ ಕತ್ತಲೆ ಮುಖ್ಯ. ಮುಂದಿನ ವರ್ಷವೂ ಹೂ ಬೇಕಿದ್ದರೆ ಆರು ವಾರ ದಿನಕ್ಕೆ 14 ಗಂಟೆ ಕತ್ತಲೆ ಕೊಡಿ. ರಾತ್ರಿ ಟ್ಯೂಬ್‌ಲೈಟ್ ಉರಿಯುವ ಹಾಲ್‌ನಲ್ಲಿ ಅದು ಎಲೆ ಬಿಟ್ಟುಕೊಂಡೇ ಕೂರುತ್ತದೆ.

ಆಂಥೂರಿಯಂ, ಪೀಸ್ ಲಿಲಿ: ಗೋವಾದಲ್ಲಿ ಕಣ್ಣು ಮುಚ್ಚಿ ತನ್ನಿ.

ಊರಿಗೆ ಹೋಗುವವರು ನೋಡಬೇಕಾದ್ದು

ಇದೊಂದು ಲೆಕ್ಕ ಗಿಡದ ಪುಸ್ತಕಗಳಲ್ಲಿ ಇರುವುದಿಲ್ಲ. ಇಲ್ಲಿರುವ ಕನ್ನಡಿಗರಲ್ಲಿ ಹೆಚ್ಚಿನವರು ಮೇ ತಿಂಗಳಲ್ಲಿ ಮಕ್ಕಳ ರಜೆಗೆ ಧಾರವಾಡವೋ ಉಡುಪಿಯೋ ಅಂತ ಊರಿಗೆ ಹೊರಡುತ್ತೇವೆ. ಹದಿನೈದು ದಿನ, ಇಪ್ಪತ್ತು ದಿನ ಮನೆಗೆ ಬೀಗ. ಆ ಹೊತ್ತಿಗೆ ಸೈಕ್ಲಮೆನ್ ಮಲಗಿರುತ್ತದೆ, ನೀರೇ ಬೇಡ. ಅದರ ಮಟ್ಟಿಗೆ ಇದು ದೊಡ್ಡ ಅನುಕೂಲ. ಆರ್ಕಿಡ್ ಹೊರಡುವ ದಿನ ಚೆನ್ನಾಗಿ ನೆನೆಸಿ ನೆರಳಲ್ಲಿಟ್ಟರೆ ಎಂಟು ಹತ್ತು ದಿನ ತಡೆಯುತ್ತದೆ, ಅದಕ್ಕಿಂತ ಜಾಸ್ತಿಯಾದರೆ ಯಾರಾದರೂ ಬೇಕು. ಗ್ಲಾಕ್ಸಿನಿಯಾ ಆಗತಾನೇ ಬೆಳೆಯುತ್ತಿರುತ್ತದೆ, ಅದನ್ನು ಬಿಟ್ಟು ಹೋಗುವಂತಿಲ್ಲ. ಎಲ್ಲಕ್ಕಿಂತ ಕಷ್ಟ ವಯಲೆಟ್‌ನದು. ಎಸಿ ಆಫ್, ಕಿಟಕಿ ಬಂದ್, ಒಳಗೆ ಕುಲುಮೆ.

ಪಕ್ಕದ ಮನೆಯ ಮರಾಠಿ ಕಾಕು, ಅಂದರೆ ಆಂಟಿ, ನೀರು ಹಾಕುತ್ತೇನೆ ಅನ್ನುತ್ತಾರೆ. ಒಳ್ಳೆ ಮನಸ್ಸಿನಿಂದಲೇ ಹಾಕುತ್ತಾರೆ, ತುಳಸಿಗೆ ಹಾಕುವ ಹಾಗೆ ದಿನಾ ಒಂದು ತಂಬಿಗೆ, ನೆತ್ತಿಯ ಮೇಲೆ. ಅದಕ್ಕೆ ಕೀಲಿ ಕೊಟ್ಟು ಬರುವುದಕ್ಕಿಂತ ವಯಲೆಟ್ ಗಿಡವನ್ನೇ ಅವರ ಮನೆಗೆ ಕೊಂಡೊಯ್ದು, ಜನ ಓಡಾಡುವ, ಫ್ಯಾನ್ ತಿರುಗುವ ಕೋಣೆಯ ಕೆಳಗಿನ ಶೆಲ್ಫಿನಲ್ಲಿಟ್ಟು, ಎರಡು ದಿನಕ್ಕೊಮ್ಮೆ ತಟ್ಟೆಗೆ ಎರಡು ಚಮಚ ಅಂತ ಚೀಟಿ ಅಂಟಿಸಿ ಬನ್ನಿ.

ಕೊಳ್ಳುವಾಗ

ಸೈಕ್ಲಮೆನ್ ನವೆಂಬರ್ ಕೊನೆ, ಡಿಸೆಂಬರ್ ಮೊದಲಲ್ಲೇ ತನ್ನಿ. ಪುಣೆಯ ಎಂಪ್ರೆಸ್ ಗಾರ್ಡನ್‌ನಲ್ಲಿ ಜನವರಿಯಲ್ಲಿ ಪುಷ್ಪಪ್ರದರ್ಶನ ನಡೆಯುತ್ತದಲ್ಲ, ಅಲ್ಲಿ ನೋಡಿ ಖುಷಿಪಡಿ, ಆದರೆ ಆಗ ಕೊಂಡರೆ ಹೂ ನೋಡಲು ಸಿಗುವ ದಿನ ಕಮ್ಮಿ. ಅರಳಿದ ಹೂ ಎಣಿಸಬೇಡಿ, ಎಲೆ ಸರಿಸಿ ಒಳಗೆ ನೋಡಿ. ಗೆಡ್ಡೆಯ ಮೇಲೆ ಸಾಸಿವೆ, ಕಡಲೆ ಗಾತ್ರದ ಮೊಗ್ಗು ಗಿಜಿಗುಟ್ಟುತ್ತಿರಬೇಕು. ಅಲ್ಲಿ ಬೂದು ಬೂಷ್ಟು ಕಂಡರೆ ಎಷ್ಟೇ ಅಗ್ಗ ಕೊಟ್ಟರೂ ಬೇಡ. ವಯಲೆಟ್ ಕೊಳ್ಳುವಾಗ ನಡುವಿನ ಎಳೆ ಎಲೆಗಳನ್ನು ನೋಡಿ. ಅವು ಗಂಟುಗಂಟಾಗಿ, ಬಿರುಸಾಗಿ, ಬೂದು ಬಣ್ಣಕ್ಕಿದ್ದರೆ ಕಣ್ಣಿಗೆ ಕಾಣದ ನುಸಿ ಇರುತ್ತದೆ, ಮನೆಯ ಬೇರೆ ಗಿಡಕ್ಕೂ ಹಬ್ಬುತ್ತದೆ. ಎಲೆತೊಟ್ಟಿನ ಸಂದಿಯಲ್ಲಿ ಹತ್ತಿಯಂಥ ಬಿಳಿ ಚುಕ್ಕೆ ಇದ್ದರೆ ಹಿಟ್ಟು ತಿಗಣೆ. ಆರ್ಕಿಡ್‌ನಲ್ಲಿ ಹೂವಿಗಿಂತ ಮೊದಲು ಬೇರು. ಗಟ್ಟಿಯಾದ ಹಸಿರು-ಬೆಳ್ಳಿ ಬೇರು ಕುಂಡದ ತುಂಬಾ ಕಾಣಬೇಕು, ಕಂದು ಬಣ್ಣದ ಪೊಳ್ಳು ಬೇರಿದ್ದರೆ ಮುಂದೆ ಹೋಗಿ.

ಪುಣೆಯಲ್ಲಿ ಸಿಂಹಗಡ ರಸ್ತೆಯ ನರ್ಸರಿಗಳಲ್ಲಿ, ಸೋಲಾಪುರ ರಸ್ತೆಯಲ್ಲಿ ಉರುಳಿ ಕಾಂಚನ್ ಕಡೆ ಹೋದರೆ ಆಯ್ಕೆ ಜಾಸ್ತಿ. ಅಲ್ಲಿಂದ ಮುಂಬಯಿಗೆ ತಂಗಿಗೋ ಅಕ್ಕನಿಗೋ ಸೈಕ್ಲಮೆನ್ ಒಯ್ಯುವ ಉತ್ಸಾಹ ಬೇಡ. ಘಾಟ್ ಇಳಿಯುವಷ್ಟರಲ್ಲೇ ಅದರ ಮುಖ ಬಾಡುತ್ತದೆ. ವಯಲೆಟ್ ಒಯ್ಯಿರಿ.

ಬೆಕ್ಕು, ನಾಯಿ ಇರುವ ಮನೆಯವರಿಗೆ ಒಂದು ಮಾತು. ಸೈಕ್ಲಮೆನ್‌ನ ಗೆಡ್ಡೆ ಅವಕ್ಕೆ ವಿಷ. ಕಲಾಂಚೋ, ಅಜೇಲಿಯಾ ಕೂಡ. ಆಂಥೂರಿಯಂ, ಪೀಸ್ ಲಿಲಿ ಕಚ್ಚಿದರೆ ಬಾಯಿ ಉರಿಯುತ್ತದೆ, ಅಂಬೆಗಾಲಿಡುವ ಮಗುವಿಗೂ ಅಷ್ಟೇ. ವಯಲೆಟ್, ಗ್ಲಾಕ್ಸಿನಿಯಾ, ಫೆಲನಾಪ್ಸಿಸ್ ಮೂರರಿಂದಲೂ ಆ ಭಯವಿಲ್ಲ. ಬೆಕ್ಕು ಕುಂಡ ಬೀಳಿಸುವುದನ್ನು ಮಾತ್ರ ನೀವೇ ನೋಡಿಕೊಳ್ಳಬೇಕು.